ಗಾಲಿಯ ಮೇಲೊಂದು ಮಲಗುವ ಮನೆ

ಸಹ್ಯಾದ್ರಿಯ ಮಡಿಲನ್ನು ಬಿಟ್ಟ ಘಟಪ್ರಭೆಯು ಬೆಳಗಾವಿ ಜಿಲ್ಲೆಯನ್ನು ಹೊಗುವ ಪಡುವಣ ಅಂಚಿನಲ್ಲಿ, ಹುಕ್ಕೇರಿ ತಾಲೂಕಿನ ದಡ್ಡಿ ಎಂಬ ಊರಿದೆ. ಅಲ್ಲಿಂದ ಕೆಳಕ್ಕೆ ಹರಿದ ಹೊಳೆಗೆ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು. ಅದು ಪೂರ್ಣಗೊಂಡುದು 1977ರಲ್ಲಿ. ಇನ್ನೂ ಕೆಳಗೆ ಧುಪದಾಳದ ಹಕ್ಕಿಗಳು, ಗೋಕಾಕದ ಜಲಪಾತ. ಬೇಸಗೆಯ ರಜೆಯಲ್ಲಿಯೋ ದೀಪಾವಳಿಯ ಬಿಡುವಿನಲ್ಲಿಯೋ ನಗರವಾಸಿಯಾದ ಗೃಹಸ್ಥನಿಗೆ ಮಡದಿ ಮಕ್ಕಳೊಡನೆ ಇಂತಹ ಹೊಳೆಯ ದಂಡೆಯಲ್ಲಿ ಒಂದೆರಡು ರಾತ್ರಿ ಕಳೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಆಸೆಯ ಬೆನ್ನಿಗೇ ಪ್ರಶ್ನೆಯೂ ಹುಟ್ಟುತ್ತದೆ: ರಾತ್ರಿ ಮಲಗುವುದೆಲ್ಲಿ?

‘ದಡ್ಡಿ’ ಎಂಬ ಶಬ್ದವೇ ಈ ಪ್ರಶ್ನೆಗೆ ಒಂದು ಹಳೆಯ ಉತ್ತರವನ್ನು ಹೇಳುತ್ತದೆ. ಕನ್ನಡದಲ್ಲಿ ಆ ಮಾತಿಗೆ ತಟ್ಟಿ, ಮರೆ, ದನಕುರಿಗಳನ್ನು ಕೂಡುವ ಆವರಣ ಎಂಬ ಅರ್ಥಗಳಿವೆ. ಹುಲ್ಲು ನೀರು ಅರಸುತ್ತ ಊರಿಂದೂರಿಗೆ ನಡೆಯುವ ಕುರುಬನು ಇರುಳಿನ ಮಟ್ಟಿಗೆ ನಾಲ್ಕು ಗೂಟ ನೆಟ್ಟು ಬಲೆ ಸುತ್ತಿದನೆಂದರೆ ಅದು ದಡ್ಡಿ. ಬೆಳಗಾದ ಮೇಲೆ ಅದನ್ನು ಸುತ್ತಿ ಹೆಗಲಿಗೇರಿಸಿ ಆತ ಮುಂದೆ ಸಾಗುತ್ತಾನೆ. ಮನೆ ಎಂಬುದು ನೆಲಕ್ಕೆ ಅಂಟಿಕೊಂಡಿರಲೇಬೇಕೆಂಬ ನಿಯಮವಿಲ್ಲವೆಂದು ಈ ಸೀಮೆಯ ಜನ ಬಹುಕಾಲದ ಹಿಂದೆಯೇ ತಿಳಿದಿದ್ದರು.

ಕೊಲ್ಲಾರಿ ಬಂಡಿ

ಕುರುಬನ ದಡ್ಡಿಗಿಂತ ಒಂದು ಮೆಟ್ಟಿಲು ಮೇಲಿನದು ಒಕ್ಕಲಿಗನ ಕೊಲ್ಲಾರಿ ಬಂಡಿ. ಚಕ್ಕಡಿಯ ಮೇಲೆ ಬಿದಿರಿನ ದಬ್ಬೆಗಳನ್ನು ಕಮಾನಾಗಿ ಬಾಗಿಸಿ ಕಟ್ಟಿ, ಅವುಗಳ ಮೇಲೆ ಚಾಪೆ, ಗೋಣಿತಟ್ಟು ಇಲ್ಲವೆ ತಾಡಪತ್ರಿ ಹೊದಿಸಿದರೆ ಬಂಡಿ ಮನೆಯಾಗುತ್ತದೆ. ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಕೆಳಗೆ ತೂಗುವ ಕಂದೀಲು, ಹಿಂದೆ ಎತ್ತುಗಳ ಮೇವು, ಬದಿಯಲ್ಲಿ ನೀರಿನ ಕೊಡ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಹೊರಡುವ ಬಂಡಿಗಳ ಸಾಲು ಬೆಳಗಾವಿ, ಧಾರವಾಡ, ಬಾಗಲಕೋಟೆಯ ಕಡೆಯವರಿಗೆ ಅಪರಿಚಿತವಲ್ಲ. ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆದೀತು. ದಡ್ಡಿಯಂತಹ ಊರಿನಿಂದ ಸವದತ್ತಿಗೆ ನಾಲ್ಕು ದಿನದ ದಾರಿ. ಆ ನಾಲ್ಕು ದಿನವೂ ಬಂಡಿಯೇ ಪಡಸಾಲೆ, ಬಂಡಿಯೇ ಉಗ್ರಾಣ, ಬಂಡಿಯೇ ಮಲಗುವ ಕೋಣೆ. ಅಡಿಗೆ ಮಾತ್ರ ಹೊರಗೆ, ಗಿಡದ ನೆರಳಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ. ಕಟ್ಟಿ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಅದೂ ಬೇಕಿಲ್ಲ.

ಈ ಬಂಡಿಯನ್ನು ಯಾವ ಕಾರ್ಖಾನೆಯೂ ಮಾಡಲಿಲ್ಲ. ಊರ ಬಡಿಗನು ಗಾಲಿ ಕಟ್ಟಿದ, ಕಮ್ಮಾರನು ಹಳಿ ಏರಿಸಿದ, ಮನೆಯವರೇ ಕೊಲ್ಲಾರಿ ಹೆಣೆದರು. ಮರದ ಆಯ್ಕೆಯಲ್ಲಿಯೇ ಅವರ ವಿವೇಕ ಕಾಣುತ್ತದೆ. ಭಾರ ಹೊರುವ ಗುಂಬ ಮತ್ತು ಅರಗಳಿಗೆ ಗಟ್ಟಿಯಾದ, ತೂಕದ ಜಾಲಿ ಮರ; ಮೇಲಿನ ಮಾಡಿಗೆ ಹಗುರವಾದ ಬಿದಿರು. ತೂಕವೆಲ್ಲ ಕೆಳಗೆ, ಹಗುರವೆಲ್ಲ ಮೇಲೆ. ಆದುದರಿಂದಲೇ ಹಳ್ಳದ ಇಳಿಜಾರಿನಲ್ಲಿ ಒಂದು ಗಾಲಿ ಕೆಳಗೆ ಒಂದು ಗಾಲಿ ಮೇಲೆ ಆದರೂ ಬಂಡಿ ಮಗುಚುವುದಿಲ್ಲ.

ಹಳಿ ಏರಿಸುವುದಂತೂ ನೋಡತಕ್ಕ ಕೆಲಸ. ಕಬ್ಬಿಣದ ಬಳೆಯ ಸುತ್ತಳತೆಯನ್ನು ಮರದ ಗಾಲಿಯ ಸುತ್ತಳತೆಗಿಂತ ತುಸು ಕಡಮೆಯಾಗಿಯೇ ಇಡುತ್ತಾರೆ. ಕುಳ್ಳಿನ ಉರಿಯಲ್ಲಿ ಕೆಂಪಗೆ ಕಾಯಿಸಿದಾಗ ಬಳೆ ಹಿಗ್ಗುತ್ತದೆ. ಇಕ್ಕುಳದಿಂದ ಎತ್ತಿ ಗಾಲಿಗೆ ತೊಡಿಸಿ ಮೇಲೆ ನೀರು ಸುರಿದೊಡನೆ ಅದು ಕುಗ್ಗಿ, ಸುತ್ತಿನ ಮರದ ತುಂಡುಗಳನ್ನೂ ಅರಗಳನ್ನೂ ಗುಂಬದ ಕಡೆಗೆ ಒತ್ತಿ ಬಿಗಿಯುತ್ತದೆ. ಉಷ್ಣದಿಂದ ಲೋಹ ಹಿಗ್ಗುತ್ತದೆಂಬ ಪಾಠವನ್ನು ಶಾಲೆಯ ಪುಸ್ತಕಕ್ಕೆ ಮುಂಚೆ ಊರ ಮಕ್ಕಳು ಕಲಿತದ್ದು ಕಮ್ಮಾರಸಾಲೆಯ ಅಂಗಳದಲ್ಲಿ.

ಬಂಡಿಯ ಅಂಗಾಂಗಗಳು ಕನ್ನಡ ಸಾಹಿತ್ಯಕ್ಕೂ ಒದಗಿ ಬಂದಿವೆ. ದೇಹವನ್ನು ಬಂಡಿಗೆ ಹೋಲಿಸಿ, ಗಾಲಿ ಕಳಚದಂತೆ ಅಚ್ಚಿನ ತುದಿಯಲ್ಲಿ ಸಿಕ್ಕಿಸುವ ಕಡೆಗೀಲಿಗೆ ಶಿವಶರಣರ ನುಡಿಯನ್ನು ಹೋಲಿಸಿದ ವಚನವೊಂದುಂಟು. ಬೆರಳುದ್ದದ ಕೀಲು ಇಲ್ಲದೆ ಹೋದರೆ ಇಡೀ ಬಂಡಿಯ ಗತಿಯೇನೆಂಬುದು ಆ ಕಾಲದ ಕೇಳುಗರಿಗೆ ವಿವರಣೆ ಬೇಡದ ಮಾತಾಗಿತ್ತು.

ಕಣ್ಣಹನಿಯ ಆಕಾರ

ಸಾಗರದ ಆಚೆ ಇದೇ ಆಸೆ ಬೇರೊಂದು ರೂಪವನ್ನು ತಾಳಿತು. ಅಮೆರಿಕದಲ್ಲಿ 1930ರ ದಶಕದಲ್ಲಿ, ಮೋಟಾರು ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯುವ ಪುಟ್ಟ ಮಲಗುವ ಗಾಡಿಗಳು ಕಾಣಿಸಿಕೊಂಡವು. ಮುಂಭಾಗ ದುಂಡಗೆ, ಹಿಂಭಾಗ ಇಳಿಜಾರಾಗಿ, ಪಕ್ಕದಿಂದ ನೋಡಿದರೆ ಕೆನ್ನೆಯ ಮೇಲೆ ಇಳಿಯುವ ಕಣ್ಣೀರಿನ ಹನಿಯನ್ನು ಅಡ್ಡ ಮಲಗಿಸಿದಂತೆ ಇರುವುದರಿಂದ ಅವುಗಳಿಗೆ ‘ಟಿಯರ್‌ಡ್ರಾಪ್’ ಎಂಬ ಹೆಸರು ಬಂತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಗಾಲಿಗಳು, ಅಲ್ಯೂಮಿನಿಯಮ್ ತಗಡುಗಳು ಅಗ್ಗವಾಗಿ ದೊರಕಿದವು. ಮನೆಯ ಹಿತ್ತಲಿನಲ್ಲಿಯೇ ಇಂತಹ ಗಾಡಿಯನ್ನು ಕಟ್ಟಿಕೊಳ್ಳಲು ಬೇಕಾದ ನಕ್ಷೆಗಳನ್ನು ಜನಪ್ರಿಯ ಪತ್ರಿಕೆಗಳು ಪ್ರಕಟಿಸಿದವು. 1947ರಲ್ಲಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಮಾಸಪತ್ರಿಕೆಯಲ್ಲಿ ಬಂದ ನಕ್ಷೆಯನ್ನು ಹವ್ಯಾಸಿಗಳು ಇಂದಿಗೂ ಅನುಸರಿಸುವುದುಂಟು. ಮುಂದೆ ದೊಡ್ಡ ದೊಡ್ಡ ಕ್ಯಾರವಾನುಗಳು ಬಂದು ಈ ಪುಟ್ಟ ಗಾಡಿ ಮೂಲೆ ಸೇರಿತಾದರೂ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ಅದರ ಗೀಳು ಹಬ್ಬಿತು.

ಅದರ ಅಳತೆಯಲ್ಲಿ ಒಂದು ಗುಟ್ಟಿದೆ. ಉದ್ದ ಎಂಟು ಅಡಿ, ಅಗಲ ನಾಲ್ಕು ಅಡಿ, ಎತ್ತರ ನಾಲ್ಕು ಅಡಿ. ಈ ಅಂಕಿಗಳು ಆಕಾಶದಿಂದ ಉದುರಿದವಲ್ಲ. ಅಂಗಡಿಯಲ್ಲಿ ದೊರಕುವ ಪ್ಲೈವುಡ್ ಹಲಗೆಯ ಅಳತೆ ಎಂಟು ಅಡಿಗೆ ನಾಲ್ಕು ಅಡಿ. ಬಲಗೋಡೆಗೊಂದು, ಎಡಗೋಡೆಗೊಂದು, ನೆಲಕ್ಕೊಂದು ಹಲಗೆ ಸಾಕು; ಕತ್ತರಿಸಿ ಎಸೆಯುವ ಚೂರು ಅತ್ಯಲ್ಪ. ದರ್ಜಿಯು ಬಟ್ಟೆಯ ಪನ್ನವನ್ನು ನೋಡಿಯೇ ಅಂಗಿಯ ಅಳತೆಯನ್ನು ನಿಶ್ಚಯಿಸಿದ ಹಾಗೆ.

ಒಳಗಿನ ವ್ಯವಸ್ಥೆ ಸರಳವಾದುದು. ಮುಂದಿನ ಮುಕ್ಕಾಲು ಭಾಗ ಹಾಸಿಗೆ. ಅಲ್ಲಿ ನಿಲ್ಲಲಾಗದು, ಕುಳಿತುಕೊಳ್ಳಬಹುದು, ಮಲಗಬಹುದು. ಹಿಂದಿನ ಕಾಲು ಭಾಗ ಅಡಿಗೆಯ ಕಪಾಟು. ಹಿಂಭಾಗದ ಮುಚ್ಚಳವನ್ನು ಮೇಲೆತ್ತಿದರೆ ಅದೇ ನೆರಳು. ಅದರಡಿ ನೆಲದ ಮೇಲೆ ನಿಂತುಕೊಂಡು ಒಲೆ ಹೊತ್ತಿಸಬೇಕು. ಜಾತ್ರೆಗೆ ಹೋಗುವ ಕೊಲ್ಲಾರಿ ಬಂಡಿಯ ಒಡತಿಯೂ ಮಲಗುವುದು ಒಳಗೆ, ಬೇಯಿಸುವುದು ಹೊರಗೆ. ಒಬ್ಬರನ್ನೊಬ್ಬರು ಕಾಣದ ಎರಡು ದೇಶಗಳು ಒಂದೇ ನಿರ್ಣಯಕ್ಕೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ಬೆಂಕಿ ಇರಬಾರದೆಂಬುದು ಅನುಭವದ ಮಾತು.

ಗೃಹಿಣಿಯ ಆಕ್ಷೇಪಗಳು

ಯಜಮಾನನು ಕಾಗದದ ಮೇಲೆ ಗೆರೆ ಎಳೆದು ಹಿಗ್ಗುತ್ತಿರುವಾಗ ಅಡಿಗೆಯ ಮನೆಯಿಂದ ಪ್ರಶ್ನೆ ಬಾರದೆ ಇರದು.

“ಅಲ್ಲರೀ, ನಾಕ ಅಡಿ ಅಗಲದಾಗ ಇಬ್ಬರು ಮಲಗೂದು ಹೆಂಗ?”

“ಮಲಗಬಹುದು. ನಮ್ಮ ಹಳೇ ಮಂಚನೂ ನಾಕ ಅಡೀದ ಐತಲ್ಲ.”

“ಆತು. ಮಕ್ಕಳು?”

ಯಜಮಾನನು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾನೆ.

“ಮತ್ತ ಅತ್ತೀಯವರು? ಅವರನ್ನ ಬಿಟ್ಟು ಎಲ್ಲಿಗಿ ಹೊಂಟೀವಿ?”

ಪೆನ್ಸಿಲು ಕಿವಿಯಿಂದ ಮೇಜಿಗೆ ಇಳಿಯುತ್ತದೆ.

ಈ ಆಕ್ಷೇಪವು ನಗೆಯ ಮಾತಾದರೂ ನ್ಯಾಯವಾದುದು. ಈ ಗಾಡಿ ಹುಟ್ಟಿದುದು ಇಬ್ಬರಿಗಾಗಿ. ಅಜ್ಜಿಯಿಂದ ಹಿಡಿದು ಕಂಕುಳ ಕೂಸಿನವರೆಗೆ ಮನೆಮಂದಿಯನ್ನೆಲ್ಲ ಹೇರಿಕೊಂಡು ಹೋಗುವ ಕೊಲ್ಲಾರಿ ಬಂಡಿಯ ಔದಾರ್ಯ ಅದಕ್ಕಿಲ್ಲ. ಕುಟುಂಬದಲ್ಲಿ ನಾಲ್ವರೈವರು ಇದ್ದರೆ ಗಾಡಿಯನ್ನು ಹಿರಿಯರ ಮಂಚವೆಂದೂ ಅಡಿಗೆಯ ಕಪಾಟೆಂದೂ ತಿಳಿದು, ಉಳಿದವರಿಗೆ ಪಕ್ಕದಲ್ಲಿಯೇ ಒಂದು ಡೇರೆ ಹೂಡುವುದು ಲೇಸು. ಮೊಣಕಾಲು ನೋವಿನ ಅಜ್ಜಿಗೆ ನೆಲದ ತಂಪಿಗಿಂತ ಗಾಡಿಯ ಹಾಸಿಗೆ ಹಿತ. ಮಕ್ಕಳಿಗೆ ಡೇರೆಯೇ ಸ್ವರ್ಗ. ಗಾಡಿಯನ್ನು ಎಲ್ಲರಿಗೂ ಸಾಲುವಂತೆ ದೊಡ್ಡದಾಗಿ ಕಟ್ಟುವ ಆಸೆಯನ್ನು ಮಾತ್ರ ಬಿಡಬೇಕು. ಏಕೆಂಬುದನ್ನು ತೂಕದ ಲೆಕ್ಕ ಹೇಳುತ್ತದೆ.

ತೂಕದ ಲೆಕ್ಕ

ಹನ್ನೆರಡು ಮಿಲಿಮೀಟರು ದಪ್ಪದ ಒಂದು ಪೂರ್ಣ ಪ್ಲೈವುಡ್ ಹಲಗೆ ಸುಮಾರು 20ರಿಂದ 25 ಕಿಲೋಗ್ರಾಂ ತೂಗುತ್ತದೆ. ಹದಿನೆಂಟು ಮಿಲಿಮೀಟರಿನದು 32ರಿಂದ 38. “ಗಟ್ಟಿಯಾಗಿರಲಿ” ಎಂದು ಹದಿನೆಂಟರ ಐದು ಹಲಗೆಗಳನ್ನು ತಂದರೆ, ಬರಿಯ ಮರದ ತೂಕವೇ 160ರಿಂದ 190 ಕಿಲೋಗ್ರಾಂ ಆಯಿತು. ಕಬ್ಬಿಣದ ಚೌಕಟ್ಟು, ಅಚ್ಚು, ಗಾಲಿಗಳು ಸೇರಿ ಇನ್ನೂ ನೂರಕ್ಕೆ ಮೇಲೆ. ಹಾಸಿಗೆ, ಪಾತ್ರೆ, ಒಲೆ, ನೀರು ತುಂಬಿದಾಗ ಸಣ್ಣ ಕಾರು ಎಳೆಯುವ ಅಳವನ್ನು ಮೀರಿದರೂ ಮೀರೀತು.

ಹಗುರವಾಗಿ ಕಟ್ಟುವ ಉಪಾಯವನ್ನು ಬಿದಿರು ಕಲಿಸುತ್ತದೆ. ಬಿದಿರಿಗೆ ಬಲ ಬರುವುದು ಹೊರಗಿನ ಚಿಪ್ಪಿನಿಂದ, ನಡುವೆ ಪೊಳ್ಳು. ಗೋಡೆಯೂ ಹಾಗೆಯೇ ಇರಬಹುದು. ಒಂದು ಅಂಗುಲದ ಹಗುರ ಮರದ ಪಟ್ಟಿಗಳಿಂದ ಅಂಚುಗಟ್ಟು ಮಾಡಿ, ನಡುವಿನ ಖಾಲಿ ಜಾಗದಲ್ಲಿ ಥರ್ಮಕೋಲ್ ಹಲಗೆಯನ್ನು ತುಂಬಿ, ಎರಡೂ ಬದಿಗೆ ಮೂರು ನಾಲ್ಕು ಮಿಲಿಮೀಟರಿನ ತೆಳು ಪ್ಲೈವುಡ್ಡನ್ನು ಅಂಟಿಸಿದರೆ, ಗೋಡೆ ದಪ್ಪವಾಗಿಯೂ ಸೆಡೆತುಕೊಂಡೂ ಇರುತ್ತದೆ. ತೂಕ ಮಾತ್ರ ಅಷ್ಟೇ ದಪ್ಪದ ಇಡಿಯ ಹಲಗೆಯ ಅರ್ಧದ ಆಸುಪಾಸು. ಥರ್ಮಕೋಲಿನಿಂದ ಬಿಸಿಲಿನ ತಾಪ ಒಳಗೆ ಬರುವುದೂ ಕಡಮೆಯಾಗುತ್ತದೆ. ಗೋಡೆ, ನೆಲ, ಮಾಡು, ಕಪಾಟುಗಳೆಲ್ಲವನ್ನೂ ಈ ಕ್ರಮದಲ್ಲಿ ಕಟ್ಟಿದರೆ ಮರದ ಭಾಗವು ನೂರರಿಂದ ನೂರಿಪ್ಪತ್ತು ಕಿಲೋಗ್ರಾಮಿನಲ್ಲಿ ಮುಗಿಯುತ್ತದೆ. ಎಲ್ಲ ಸಾಮಾನು ತುಂಬಿದ ಗಾಡಿ 300 ಕಿಲೋಗ್ರಾಮಿನ ಒಳಹೊರಗೆ ನಿಲ್ಲುವಂತೆ ಗುರಿ ಇಟ್ಟುಕೊಳ್ಳಬಹುದು.

ಅಡ್ಡಪಟ್ಟಿಗಳಿಗೆ ಸಾಗವಾನಿಯೇ ಆಗಬೇಕೆಂಬ ಹಟ ಬೇಡ. ಕರ್ನಾಟಕದ ರೈತರು ಹೊಲದ ಬದುವಿನಲ್ಲಿ ಬೆಳೆಸುವ ಹೆಬ್ಬೇವು ಹಗುರವಾದುದು, ಗಂಟುಗಳಿಲ್ಲದ ತುಂಡನ್ನು ಆರಿಸಿಕೊಂಡರೆ ಈ ಕೆಲಸಕ್ಕೆ ಸಾಕಾಗುತ್ತದೆ. ಇದೇ ಸೀಮೆಯ ಗೋಕಾಕದ ಆಟಿಕೆಯ ಕುಶಲಿಗಳು ಹಗುರ ಮರದಲ್ಲಿಯೇ ಕೈಚಳಕ ತೋರಿ ಹೆಸರು ಪಡೆದರೆಂಬುದನ್ನು ನೆನೆಯಬಹುದು.

ಎತ್ತಿನ ಕೊರಳೂ ಕಾರಿನ ಕೊಂಡಿಯೂ

ಇಲ್ಲಿ ಬಂಡಿಗೂ ಟ್ರೇಲರಿಗೂ ಒಂದು ಮುಖ್ಯವಾದ ವ್ಯತ್ಯಾಸ ತಲೆದೋರುತ್ತದೆ. ಬಂಡಿಯನ್ನು ಹೇರುವವನು ಚೀಲಗಳನ್ನು ಹಿಂದೆ ಮುಂದೆ ಸರಿಸಿ ಅಚ್ಚಿನ ಮೇಲೆ ಸಮತೂಕ ತರುತ್ತಾನೆ. ಮುಂಬಾರವಾದರೆ ನೊಗ ಎತ್ತುಗಳ ಕೊರಳನ್ನು ಜಜ್ಜುತ್ತದೆ. ಹಿಂಬಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಉಸಿರುಗಟ್ಟಿಸುತ್ತದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಮುಂದಕ್ಕೆ ಎತ್ತಿನ ಗಾಡಿಯ ಸುಧಾರಣೆಗಾಗಿ ದುಡಿದುದು ಈ ಕೊರಳಿನ ಹುಣ್ಣನ್ನು ಕಂಡು. ಗಾಡಿ ಹಗುರವಾಗಬೇಕು, ಗಾಲಿ ಸಲೀಸಾಗಿ ತಿರುಗಬೇಕು, ನೊಗದ ಒತ್ತಡ ಇಳಿಯಬೇಕು ಎಂಬುದು ಅವರ ಆಗ್ರಹ. ದೊಡ್ಡ ವಿದ್ಯಾಸಂಸ್ಥೆಯ ಮುಖ್ಯಸ್ಥರೊಬ್ಬರು ಚಕ್ಕಡಿಯ ಬಗೆಗೆ ತಲೆ ಕೆಡಿಸಿಕೊಂಡುದನ್ನು ಕಂಡು ನಕ್ಕವರೂ ಇದ್ದಿರಬಹುದು. ನೊಗದ ಕೆಳಗಿದ್ದವರಿಗೆ ಅದು ನಗೆಯ ವಿಷಯವಾಗಿರಲಿಲ್ಲ.

ಕಾರಿನ ಹಿಂದಿನ ಟ್ರೇಲರಿಗೆ ಪೂರ್ಣ ಸಮತೂಕ ಒಳ್ಳೆಯದಲ್ಲ. ಅದು ತುಸು ಮುಂಬಾರವಾಗಿಯೇ ಇರಬೇಕು. ಒಟ್ಟು ತೂಕದ ಹತ್ತರಿಂದ ಹದಿನೈದು ಪಾಲು ಕಾರಿನ ಕೊಂಡಿಯ ಮೇಲೆ ಕುಳಿತಿರಬೇಕು. 300 ಕಿಲೋಗ್ರಾಮಿನ ಗಾಡಿಗೆ ಇದು 30ರಿಂದ 45 ಕಿಲೋಗ್ರಾಂ ಆಯಿತು. ಇಷ್ಟಿಲ್ಲದಿದ್ದರೆ ವೇಗ ಹೆಚ್ಚಿದಾಗ ಗಾಡಿಯ ಬಾಲ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ. ಬೀಸು ಬೆಳೆದು ಕಾರನ್ನೇ ರಸ್ತೆಯಿಂದ ಹೊರಕ್ಕೆ ಎಳೆಯಬಹುದು. ಅಡಿಗೆಯ ಕಪಾಟು, ನೀರು, ಒಲೆ ಎಲ್ಲವೂ ಹಿಂಬದಿಗೆ ಇರುವುದರಿಂದ ಈ ಅಪಾಯ ಕಣ್ಣಹನಿಯ ಗಾಡಿಗೆ ವಿಶೇಷವಾಗಿ ಉಂಟು. ಆದುದರಿಂದ ಅಚ್ಚನ್ನು ನಡುಮಧ್ಯದಲ್ಲಿ ಇಡದೆ ತುಸು ಹಿಂದಕ್ಕೆ ಇಡುತ್ತಾರೆ.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಸಾಮಾನು ತುಂಬಿದ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಮೂಕಿಯ ತುದಿಯನ್ನು ಕಾರಿನ ಕೊಂಡಿಯಷ್ಟೇ ಎತ್ತರಕ್ಕೆ ಬರುವಂತೆ ಒಂದು ಮರದ ತುಂಡಿನ ಮೇಲೆ ಇರಿಸಿ, ಆ ತುಂಡಿನ ಕೆಳಗೆ ಮನೆಮಂದಿ ಮೈತೂಕ ನೋಡಿಕೊಳ್ಳುವ ಯಂತ್ರವನ್ನು ಇಟ್ಟರೆ ಮುಳ್ಳು ಸತ್ಯವನ್ನು ಹೇಳುತ್ತದೆ. ಕಡಮೆಯಾದರೆ ನೀರಿನ ಡಬ್ಬಿಯನ್ನು ಮುಂದಕ್ಕೆ ಸರಿಸಬೇಕು. ದಾರಿಯಲ್ಲಿ ಗಾಡಿ ಬೀಸತೊಡಗಿದರೆ ಗಾಬರಿಯಿಂದ ಬ್ರೇಕು ಒತ್ತಬಾರದು, ವೇಗವನ್ನೂ ಹೆಚ್ಚಿಸಬಾರದು. ಚುಕ್ಕಾಣಿಯನ್ನು ನೇರವಾಗಿ ಹಿಡಿದು ವೇಗವನ್ನು ತಾನಾಗಿ ಇಳಿಯಗೊಡಬೇಕು.

ಬಂಡಿಯಲ್ಲಿ ಭಾರ ಹೆಚ್ಚಾದರೆ ಎತ್ತು ನಿಲ್ಲುತ್ತದೆ, ನೊರೆ ಕಾರುತ್ತದೆ, ಯಜಮಾನನ ಕಡೆಗೆ ತಿರುಗಿ ನೋಡುತ್ತದೆ. ಕಾರು ಹೀಗೆ ತಿರುಗಿ ನೋಡುವುದಿಲ್ಲ. ಅದು ಹೊತ್ತುಕೊಂಡು ಓಡುತ್ತಲೇ ಇರುತ್ತದೆ, ಇಳಿಜಾರಿನಲ್ಲಿ ಬ್ರೇಕು ಸೋಲುವವರೆಗೆ. ಎತ್ತು ಮಾಡುತ್ತಿದ್ದ ಲೆಕ್ಕವನ್ನು ಇಲ್ಲಿ ಮನುಷ್ಯನೇ ಮುಂಚಿತವಾಗಿ ಮಾಡಬೇಕು.

ಕಟ್ಟುವ ಕ್ರಮ

ಮೊದಲು ನೆಲದ ಚೌಕಟ್ಟು. ಕಬ್ಬಿಣದ ಚೌಕಟ್ಟು, ಅಚ್ಚು, ಕೊಂಡಿಗಳ ಬೆಸುಗೆಯನ್ನು ಹವ್ಯಾಸಿಯು ತಾನೇ ಮಾಡಲು ಹೋಗದೆ ನುರಿತ ಬೆಸುಗೆಗಾರನಿಗೆ ಒಪ್ಪಿಸುವುದು ಯೋಗ್ಯ. ಮರದ ಕೆಲಸದಲ್ಲಿ ತಪ್ಪಿದರೆ ಹಲಗೆ ಹಾಳು. ಬೆಸುಗೆಯಲ್ಲಿ ತಪ್ಪಿದರೆ ಹಿಂದೆ ಬರುವ ಸ್ಕೂಟರಿನವನ ಪ್ರಾಣ.

ಗೋಡೆಯ ಬಾಗನ್ನು ಬರೆಯಲು ಉದ್ದವಾದ ಬಿದಿರಿನ ದಬ್ಬೆ ಸಾಕು. ಹಲಗೆಯ ಮೇಲೆ ಅಲ್ಲಲ್ಲಿ ಮೊಳೆ ನೆಟ್ಟು, ಅವುಗಳಿಗೆ ತಾಗುವಂತೆ ದಬ್ಬೆಯನ್ನು ಬಾಗಿಸಿದರೆ ಅದು ತಾನಾಗಿಯೇ ಸುಲಲಿತವಾದ ಗೆರೆಯನ್ನು ಹಿಡಿಯುತ್ತದೆ. ಮೊದಲ ಗೋಡೆಯನ್ನು ಕೊಯ್ದು, ಅದನ್ನೇ ಮಾದರಿಯಾಗಿ ಎರಡನೆಯದರ ಮೇಲಿಟ್ಟು ಗೆರೆ ಎಳೆಯಬೇಕು. ಎರಡನ್ನೂ ಬೇರೆ ಬೇರೆ ಅಳೆದರೆ ಮಾಡು ಸೊಟ್ಟಗಾಗುವುದು ನಿಶ್ಚಯ. ಎರಡು ಗೋಡೆಗಳ ನಡುವೆ ಅಡ್ಡಪಟ್ಟಿಗಳನ್ನು ಜೋಡಿಸಿ, ಅವುಗಳ ಮೇಲೆ ತೆಳು ಪ್ಲೈವುಡ್ಡನ್ನು ಬಾಗಿಸಿ ಹೊದಿಸಬೇಕು. ಹೊರಪದರದ ಎಳೆ ಯಾವ ದಿಕ್ಕಿಗಿದೆ ಎಂದು ನೋಡಿ, ಸಲೀಸಾಗಿ ಬಾಗುವ ಮಗ್ಗುಲನ್ನು ಆರಿಸಿಕೊಳ್ಳಬೇಕು. ತೀರ ಬಾಗಿದ ಎಡೆಯಲ್ಲಿ ಬಿಸಿನೀರಿನ ಬಟ್ಟೆ ಹಾಸಿ ಮರವನ್ನು ಮೆತ್ತಗಾಗಿಸಿ, ನಿಧಾನವಾಗಿ ಎಳೆದು ಕಟ್ಟಬೇಕು. ಅವಸರ ಮಾಡಿದವನಿಗೆ ಬಿರುಕಿನ ಸದ್ದು ಕೇಳುತ್ತದೆ.

ಪ್ಲೈವುಡ್ಡಿನ ದರ್ಜೆಯ ವಿಷಯದಲ್ಲಿ ಲೋಭ ಬೇಡ. ಭಾರತೀಯ ಮಾನಕ 303ರ ಕೆಳಗೆ ಒಳಾಂಗಣಕ್ಕೆ ತಕ್ಕ ಹಲಗೆಯೂ ಕುದಿನೀರನ್ನು ತಡೆಯುವ ದರ್ಜೆಯದೂ ಬರುತ್ತವೆ. ಭಾರತೀಯ ಮಾನಕ 710 ಎಂಬುದು ನಾವೆಗಳಿಗೆ ಯೋಗ್ಯವಾದ ಹಲಗೆ. ಹೊರಗೆ ನಿಲ್ಲುವ ಗಾಡಿಗೆ ಒಳಾಂಗಣದ ಹಲಗೆ ಒಂದು ಮಳೆಗಾಲವನ್ನು ತಾಳಲಾರದು. ಹಲಗೆಯ ಮುಖಕ್ಕಿಂತ ಅದರ ಕೊಯ್ದ ಅಂಚು ಹೆಚ್ಚು ನೀರು ಕುಡಿಯುತ್ತದೆ. ಪ್ರತಿ ಅಂಚಿಗೂ, ಪ್ರತಿ ತಿರುಪಿನ ತೂತಿಗೂ ಎಪಾಕ್ಸಿಯನ್ನೋ ವಾರ್ನಿಷನ್ನೋ ಎರಡು ಮೂರು ಸಲ ಉಣಿಸಬೇಕು. ಮಾಡಿಗೆ ತೆಳುವಾದ ಅಲ್ಯೂಮಿನಿಯಮ್ ತಗಡು ಇಲ್ಲವೆ ಬಣ್ಣ ಬಳಿದ ಕ್ಯಾನ್ವಾಸು. ಬಣ್ಣ ಬಿಳಿಯದಾಗಿದ್ದರೆ ಉತ್ತರ ಕರ್ನಾಟಕದ ಬಿಸಿಲಿಗೆ ಹಿತ.

ಗಾಳಿಯ ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಕಡಮೆಯೆ. ಚಾಪೆಯ ಕೊಲ್ಲಾರಿ ಉಸಿರಾಡುತ್ತದೆ. ಅಂಟು ಬಳಿದು ಮುಚ್ಚಿದ ಪ್ಲೈವುಡ್ಡಿನ ಪೆಟ್ಟಿಗೆ ಉಸಿರಾಡುವುದಿಲ್ಲ. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಲೋಟದಷ್ಟು ನೀರಾವಿ ಗೋಡೆಗಳ ಮೇಲೆ ಇಳಿಯುತ್ತದೆ. ಎರಡು ಬದಿಗೂ ಕಿಟಕಿ, ಮಾಡಿನಲ್ಲಿ ಒಂದು ಗವಾಕ್ಷಿ, ಅವಕ್ಕೆ ಸೊಳ್ಳೆಯ ಜಾಲರಿ ಇರಲೇಬೇಕು. ಚಳಿಯಾಯಿತೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನೋ ಗ್ಯಾಸಿನ ಒಲೆಯನ್ನೋ ಒಳಗೆ ತಂದು ಬಾಗಿಲು ಮುಚ್ಚುವುದು ಮೃತ್ಯುವನ್ನು ಕರೆದಂತೆ. ಇದ್ದಿಲಿನಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿರುವವನನ್ನು ಅದು ಎಬ್ಬಿಸುವುದಿಲ್ಲ. ಚಳಿಗೆ ಕೌದಿ ಇದೆ, ಕಂಬಳಿ ಇದೆ.

ಕಾಯಿದೆಯ ಮಾತು

ಚಕ್ಕಡಿಯನ್ನು ಕಟ್ಟಿದವನು ಎತ್ತು ಹೂಡಿ ಹೊರಟನು. ಕಾರಿನ ಹಿಂದಿನ ಗಾಡಿಗೆ ಆ ಸ್ವಾತಂತ್ರ್ಯವಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯು ‘ಮೋಟಾರು ವಾಹನ’ ಎಂಬುದರಲ್ಲಿಯೇ ಟ್ರೇಲರನ್ನೂ ಸೇರಿಸಿದೆ. ಅಂದರೆ ತಾನಾಗಿ ಚಲಿಸಲಾರದ ಈ ಪೆಟ್ಟಿಗೆಗೂ ನೋಂದಣಿ ಬೇಕು. ಹಲವರು ಎಡವುವುದು ಇಲ್ಲಿಯೇ. ತಿಂಗಳುಗಟ್ಟಲೆ ದುಡಿದು, ಬಣ್ಣ ಬಳಿದು, ಪೂಜೆ ಮಾಡಿ, ಆಮೇಲೆ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋದರೆ ಆಗ ಕೇಳುವ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ. ಮೊದಲ ಹಲಗೆಗೆ ಗರಗಸ ಇಡುವ ಮುಂಚೆಯೇ ನಕ್ಷೆಯೊಡನೆ ಕಚೇರಿಗೆ ಹೋಗಿ, ಯಾವ ಅಳತೆ, ಯಾವ ದೀಪ, ಯಾವ ಕಾಗದಪತ್ರ ಬೇಕೆಂದು ಬರಹದಲ್ಲಿ ಕೇಳಿ ತಿಳಿಯುವುದು ಜಾಣತನ. ಕಾರು ಎಳೆಯಬಹುದೆ, ಎಳೆದರೆ ಎಷ್ಟು ತೂಕ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಬೇಕು. ಒಪ್ಪಿಗೆ ದೊರಕದೆಂದು ಕಂಡುಬಂದರೆ ಅದೇ ಕೋಣೆಯನ್ನು ತೋಟದ ಮೂಲೆಯಲ್ಲಿ ನಿಲ್ಲಿಸಿ ಓದುವ ಮನೆಯಾಗಿ ಮಾಡಿಕೊಂಡರೂ ಶ್ರಮ ವ್ಯರ್ಥವಲ್ಲ. ಕಾಯಿದೆಯನ್ನು ಕಣ್ಣು ತಪ್ಪಿಸಿ ಹೆದ್ದಾರಿಗೆ ಇಳಿಯುವುದು ಮಾತ್ರ ಸಲ್ಲದು. ಅಪಘಾತವಾದ ದಿನ ತೆರಬೇಕಾದ ಬೆಲೆ ದಂಡದ ರೂಪಾಯಿಗಳಿಗಿಂತ ದೊಡ್ಡದು.

ಗಾಲಿಮನೆಯ ಇನ್ನೊಂದು ಮುಖ

ಹುಕ್ಕೇರಿ, ಗೋಕಾಕ, ಮೂಡಲಗಿಯ ಹೊಲಗಳಲ್ಲಿ ಕಬ್ಬು ಕಡಿಯುವ ಕಾಲ ಬಂದಾಗ ಗಾಲಿಯ ಮೇಲಿನ ಬದುಕಿನ ಇನ್ನೊಂದು ಮುಖ ಕಾಣುತ್ತದೆ. ಮಹಾರಾಷ್ಟ್ರದ ಬೀಡದಿಂದ, ವಿಜಯಪುರದ ಕಡೆಯಿಂದ ಕಬ್ಬು ಕಡಿಯುವ ತಂಡಗಳು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಟೈರಿನ ಗಾಡಿಗಳಲ್ಲಿ ಪಾತ್ರೆ ಪಡಗ, ಕೋಳಿ, ಕೂಸುಗಳನ್ನು ಹೇರಿಕೊಂಡು ಬರುತ್ತವೆ. ಹೊಲದ ಬದಿಗೆ ರವದಿಯ ಗುಡಿಸಲು ಹೂಡಿ ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿಯುವವರೆಗೆ ಅಲ್ಲಿಯೇ ಅವರ ಸಂಸಾರ. ನಗರದ ಗೃಹಸ್ಥನು ಎರಡು ರಾತ್ರಿಯ ವಿನೋದಕ್ಕಾಗಿ ಅರಸುವ ಇಕ್ಕಟ್ಟು, ಹೊರಗಿನ ಒಲೆ, ಕೊಡದ ನೀರು ಇವೆಲ್ಲ ಅವರಿಗೆ ತಿಂಗಳುಗಟ್ಟಲೆಯ ಪಾಡು. ಅವರ ಮಕ್ಕಳ ಶಾಲೆ ಹಿಂದಿನ ಊರಿನಲ್ಲಿಯೇ ಉಳಿದಿರುತ್ತದೆ.

ಇದನ್ನು ಹೇಳಿದುದು ಯಾರ ಸಂತೋಷಕ್ಕೂ ಹುಳಿ ಹಿಂಡುವುದಕ್ಕಲ್ಲ. ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸುವವನು ಅಕ್ಕಪಕ್ಕದಲ್ಲಿ ಯಾರ ಗುಡಿಸಲಿದೆ, ಯಾರ ಹೊಲವಿದೆ, ಯಾರ ಕುಡಿಯುವ ನೀರಿದೆ ಎಂದು ನೋಡಿಕೊಳ್ಳಬೇಕು. ಹೊಲದವರನ್ನು ಕೇಳಿ ಇಳಿಯಬೇಕು. ಜಲಾಶಯದ, ಅರಣ್ಯದ ಜಾಗವಾದರೆ ಅಪ್ಪಣೆ ಪಡೆಯಬೇಕು. ಹಕ್ಕಿಗಳಿರುವ ಎಡೆಯಲ್ಲಿ ಹಾಡಿನ ಪೆಟ್ಟಿಗೆ ಮೌನವಾಗಿರಲಿ. ಹೊರಡುವಾಗ ನೆಲದ ಮೇಲೆ ಗಾಲಿಯ ಗುರುತಿನ ಹೊರತು ಬೇರೇನೂ ಉಳಿಯದಿರಲಿ. ದಡ್ಡಿಯನ್ನು ಸುತ್ತಿಕೊಂಡು ಹೊರಡುವ ಕುರುಬನು ಬಿಟ್ಟುಹೋಗುವುದು ಗೊಬ್ಬರವನ್ನು. ಆ ಹೊಲದ ಒಡೆಯನು ಮರುವರ್ಷ ಅವನನ್ನು ತಾನಾಗಿ ಕರೆಯುತ್ತಾನೆ.

ಉಳಿದ ಲಾಭ

ಖರ್ಚಿನ ದೃಷ್ಟಿಯಿಂದ ಮಾತ್ರ ನೋಡಿದರೆ ಈ ಸಾಹಸ ಅಷ್ಟು ಲಾಭದ್ದಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದೇ ಹಣದಲ್ಲಿ ಅನೇಕ ರಾತ್ರಿ ಒಳ್ಳೆಯ ವಸತಿಗೃಹದಲ್ಲಿ ತಂಗಬಹುದು. ಆದರೆ ಮನೆಯ ಅಂಗಳದಲ್ಲಿ ಆರು ತಿಂಗಳು ಭಾನುವಾರಗಳಂದು ನಡೆಯುವ ಕೆಲಸಕ್ಕೆ ಬೇರೆಯೇ ಬೆಲೆಯುಂಟು. ಉಳಿಯ ಹಿಡಿತ, ಗೂಟದ ಕೂಡಿಕೆ, ಮರದ ಎಳೆಯ ದಿಕ್ಕು ಇವನ್ನು ಬಲ್ಲ ಹಳೆಯ ಬಡಿಗನೊಬ್ಬನು ಯಾವ ಊರಿನಲ್ಲಾದರೂ ಇನ್ನೂ ಸಿಕ್ಕಾನು. ಟೈರಿನ ಗಾಡಿ, ಟ್ರ್ಯಾಕ್ಟರುಗಳು ಬಂದ ಮೇಲೆ ಗಾಲಿ ಕಟ್ಟುವ ಕೆಲಸ ಅವನ ಕೈಬಿಟ್ಟುಹೋಗಿದೆ. ಈಗ ಅವನು ಬಾಗಿಲ ಚೌಕಟ್ಟಿನ ಕೆಲಸದಲ್ಲಿ ದಿನ ನೂಕುತ್ತಿರಬಹುದು. ಅವನನ್ನು ಕೂಲಿಯ ಆಳೆಂದು ಕರೆಯದೆ ಕಲಿಸುವ ಗುರುವೆಂದು ಕರೆದು, ತಕ್ಕ ಸಂಭಾವನೆ ಕೊಟ್ಟು, ಮನೆಯ ಹುಡುಗ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿದರೆ, ಗಾಡಿಯ ಜೊತೆಗೆ ಒಂದು ವಿದ್ಯೆಯೂ ಇನ್ನೊಂದು ತಲೆಮಾರಿಗೆ ದಾಟುತ್ತದೆ. ಎಷ್ಟು ಹೇರಬೇಕೆಂಬುದಕ್ಕಿಂತ ಎಷ್ಟು ಬಿಟ್ಟುಹೋಗಬಹುದೆಂಬುದನ್ನು ಆ ಮಕ್ಕಳು ಕಲಿಯುತ್ತಾರೆ.

ಕೊನೆಯದಾಗಿ ಮೊದಲ ಪ್ರಯಾಣದ ಮಾತು. ಗಾಡಿ ಸಿದ್ಧವಾದ ದಿನವೇ ಗೋಕರ್ಣಕ್ಕೋ ಹಂಪಿಗೋ ಹೊರಡಬಾರದು. ಊರ ಹೊರಗೆ ಹತ್ತು ಕಿಲೋಮೀಟರು ಹೋಗಿ, ಹಿಂದಕ್ಕೆ ಸರಿಸುವುದನ್ನೂ ತಿರುಗಿಸುವುದನ್ನೂ ಬಯಲಿನಲ್ಲಿ ಅಭ್ಯಾಸ ಮಾಡಿ ಮರಳಬೇಕು. ಐವತ್ತು ಕಿಲೋಮೀಟರು ಆದ ಮೇಲೆ ಗಾಲಿಯ ತಿರುಪುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಹೊಸ ಗಾಲಿ ಒಮ್ಮೆ ಸಡಿಲವಾಗಿಯೇ ಕೂಡುತ್ತದೆ. ಪ್ರತಿ ಸಲ ಹೊರಡುವ ಮುಂಚೆ ಕೊಂಡಿ, ಅದರ ಕಾಪು ಸರಪಳಿ, ಹಿಂದಿನ ದೀಪ, ಟೈರಿನ ಗಾಳಿ ಇವನ್ನು ಒಬ್ಬರು ನೋಡಿದ ಮೇಲೆ ಇನ್ನೊಬ್ಬರು ನೋಡಬೇಕು. ಈ ಎರಡನೆಯ ತಪಾಸಣೆಯನ್ನು ಅಜ್ಜಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಕಡೆಗೀಲು ಸರಿಯಾಗಿದೆಯೇ ಎಂದು ಕೇಳದೆ ಬಂಡಿ ಏರಿದ ಅಭ್ಯಾಸ ಅವರಿಗಿಲ್ಲ.